ಹಾಡಿದವರ ಹೆಸರೂ ಅಚ್ಚಾಗಲಿ

ಶಿರಸಿಯ ಓದುಗರೊಬ್ಬರ ಪತ್ರ: 'ಈ ಮಳೆಗಾಲದಲ್ಲಿ ಮೊಬೈಲಿನಲ್ಲಿ ಅಕಸ್ಮಾತ್ತಾಗಿ ಅಮೆರಿಕದ ಜಾನ್ ಪ್ರೈನ್ ಅವರ ಹಾಡೊಂದನ್ನು ಕೇಳಿದೆ. ಮಕ್ಕಳು ದೂರವಾದ ಮೇಲೆ ಮಾತೇ ಬತ್ತಿಹೋದ ಮುದುಕ ಮುದುಕಿಯ ಕಥೆ. ನನ್ನ ಅಪ್ಪ ಅಮ್ಮನೇ ಕಣ್ಣ ಮುಂದೆ ಬಂದರು. ನಮ್ಮ ಜಾನಪದದಲ್ಲಿ ದೇವರು, ಮದುವೆ, ಸುಗ್ಗಿ ಎಲ್ಲ ಇದೆ. ಒಬ್ಬ ಮನುಷ್ಯ ಹೀಗೆ ಎದೆ ಬಿಚ್ಚಿ ಕಥೆ ಹೇಳುವ ಹಾಡು ಏಕಿಲ್ಲ?'

ಸಂಪಾದಕರ ಉತ್ತರ:

ನಿಮ್ಮ ಕಿವಿ ಒಳ್ಳೆಯದು. ಪ್ರೈನ್ ಕೇಳಲೇಬೇಕಾದ ಹಾಡುಗಾರ. ಷಿಕಾಗೋ ಪಕ್ಕದ ಊರಿನಲ್ಲಿ ಅಂಚೆಯವರಾಗಿ ಮನೆಮನೆಗೆ ಕಾಗದ ಹಂಚುತ್ತ, ನಡೆಯುವ ದಾರಿಯಲ್ಲೇ ಹಾಡು ಕಟ್ಟಿದವರು. 1970ರಲ್ಲಿ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಪ್ರೈನ್ ಹಾಡಿದ್ದನ್ನು ಕೇಳಿ, ಸಿನಿಮಾ ಬಿಟ್ಟು ಪ್ರೈನ್ ಬಗ್ಗೆಯೇ ಬರೆದರು. ಮರುವರ್ಷ ಮೊದಲ ಆಲ್ಬಮ್ ಬಂತು. ನೀವು ಕೇಳಿದ ಹಾಡು ಅದರಲ್ಲೇ ಇದೆ. ಹುಡುಗನಾಗಿದ್ದಾಗ ವೃದ್ಧಾಶ್ರಮವೊಂದಕ್ಕೆ ಪತ್ರಿಕೆ ಹಾಕುತ್ತಿದ್ದ ನೆನಪು ಅದರ ಹಿಂದಿದೆ. ಯುದ್ಧದಿಂದ ಮಾದಕ ವ್ಯಸನ ಹೊತ್ತು ಮರಳಿದ ಸೈನಿಕನ ಹಾಡೂ ಅದರಲ್ಲಿದೆ. ಅಪ್ಪನ ತೋಳಿನಲ್ಲಿ ಸೂಜಿ ಕೊರೆದ ತೂತು, ಮನೆಯ ದುಡ್ಡೆಲ್ಲ ಅದರೊಳಗೆ ಇಳಿದು ಹೋಗುವುದು ಮಗುವಿಗೆ ಗೊತ್ತು. ಅಷ್ಟನ್ನು ಹೇಳಿ ಹಾಡುಗಾರ ಸುಮ್ಮನಾಗುತ್ತಾರೆ, ಉಪದೇಶಕ್ಕೆ ಇಳಿಯುವುದಿಲ್ಲ.

ಹೆಸರುಳ್ಳ ಒಬ್ಬ ವ್ಯಕ್ತಿ ತನ್ನದೇ ಹೊಣೆಯಲ್ಲಿ ಹಾಡು ಬರೆಯುವುದರಲ್ಲಿ ಬಲವಿದೆ, ಒಪ್ಪಿದೆ. ಆದರೆ 'ನಮ್ಮಲ್ಲಿ ಏಕಿಲ್ಲ' ಎಂಬ ಮಾತಿಗೆ ನನ್ನ ತಕರಾರಿದೆ. ಶಿರಸಿಯಲ್ಲಿ ಕೂತು ಷಿಕಾಗೋದ ಅಂಚೆಯವರನ್ನು ಕಂಡುಕೊಂಡಿರಿ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂದು, ಗಂಗಾವಳಿ ದಾಟಿದರೆ ಅಂಕೋಲೆ. ಆ ತಾಲ್ಲೂಕಿನ ಬಡಗೇರಿಯಲ್ಲಿ 2025ರ ಫೆಬ್ರುವರಿಯವರೆಗೂ ಸುಕ್ರಿ ಬೊಮ್ಮ ಗೌಡ ಇದ್ದರು. ಅಕ್ಷರ ಕಲಿಯದ ಈ ಹಾಲಕ್ಕಿ ಸಮುದಾಯದ ಹೆಣ್ಣುಮಗಳು ತಾಯಿಯಿಂದ ಕಲಿತ ಹಾಡುಗಳನ್ನು ಜೀವಮಾನವಿಡೀ ಕಾಪಾಡಿದರು. ಆಕಾಶವಾಣಿ ಅವನ್ನು ಧ್ವನಿಮುದ್ರಿಸಿಕೊಂಡಿತು. ಊರಿನ ಸಂಸಾರಗಳನ್ನು ಹೆಂಡ ನುಂಗುವುದನ್ನು ಕಂಡು ಹೆಂಗಸರನ್ನು ಕೂಡಿಸಿಕೊಂಡು ಹೋರಾಟಕ್ಕೂ ಇಳಿದರು. 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಸುಕ್ರಜ್ಜಿಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಮಂದಿ ಕೂತು ಒಂದು ಹಾಡನ್ನು ಕೊನೆಯವರೆಗೆ ಕೇಳಿದರು?

ಬೀಸುವಾಗ, ಸಸಿ ನೆಡುವಾಗ ನಮ್ಮ ಹೆಂಗಸರು ಹಾಡಿಕೊಂಡದ್ದನ್ನು ಗಮನವಿಟ್ಟು ಕೇಳಿದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ. ತನ್ನ ಅತ್ತೆಯ ಮಾತು ಚುಚ್ಚಿತು ಎಂದು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯಾವುದೋ ಊರಿನ ಯಾವುದೋ ಸೊಸೆಯ ಕಥೆಯೆಂದು, ಬೀಸುವ ಕಲ್ಲಿನ ಆಚೆ ಬದಿಗೆ ಅತ್ತೆಯೇ ಕೂತಿದ್ದರೂ, ಹಾಡಿಬಿಡಬಹುದಿತ್ತು. ಹಾಡಿಗೆ ಸಹಿ ಇಲ್ಲದ್ದರಿಂದಲೇ ಅವಳಿಗೆ ನಿಜ ಹೇಳುವ ಧೈರ್ಯ ಬಂತು. ಕೇಳಿದ್ದನ್ನು ಅವಳು ಹಾಗೆಯೇ ಒಪ್ಪಿಸಲಿಲ್ಲ. ತನಗೆ ಬೇಡದ ಸಾಲನ್ನು ಬಿಟ್ಟಳು, ತನ್ನ ಮನೆಯ ನೋವಿಗೆ ಒಪ್ಪುವ ಸಾಲನ್ನು ಸೇರಿಸಿದಳು. ಅವಳೂ ಕವಿಯೇ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ಸಂಗ್ರಹಿಸದೆ ಇದ್ದಿದ್ದರೆ ಇಷ್ಟೂ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಆ ಕಾಲದಲ್ಲಿ ಹೆಸರಿಲ್ಲದಿರುವುದು ಅವಳಿಗೊಂದು ಮರೆಯಾಗಿತ್ತು. ಇಂದು ಹೆಸರು ಬಿಡುವುದು ನಮ್ಮ ಉಡಾಫೆ. ಯಾವುದೇ ಉತ್ಸವದ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಂದು ಹೆಸರುಗಳ ಸಾಲು. ಕೆಳಗೆ ಸಣ್ಣ ಅಕ್ಷರದಲ್ಲಿ 'ಜಾನಪದ ಗೀತೆ: ಸ್ಥಳೀಯ ತಂಡದವರಿಂದ'. ತಂಡದವರಿಗೆ ತಂದೆ ತಾಯಿ ಹೆಸರಿಟ್ಟಿಲ್ಲವೇ? ಗಣ್ಯರು ತಡವಾದರೆ ಹಾಡು ಎಳೆಯಬೇಕು, ಅವರ ಕಾರು ಕಂಡ ಕೂಡಲೇ ನಿಲ್ಲಿಸಬೇಕು. ಕಥೆ ಹೇಳುವ ಹಾಡಿಗೆ ಐದು ನಿಮಿಷ ಕೊಟ್ಟರೆ ಮದುಮಗಳು ತವರಿನ ಹೊಸ್ತಿಲು ದಾಟುವ ಮೊದಲೇ ಮೈಕು ಕೈ ಬದಲಾಗಿರುತ್ತದೆ.

ದನಿಯ ವಿಷಯವೂ ಹಾಗೆಯೇ. 1998ರಲ್ಲಿ ಕತ್ತಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಪ್ರೈನ್ ದನಿ ತಗ್ಗಿ ಒರಟಾಯಿತು. ಅವರು ಮತ್ತೆ ವೇದಿಕೆ ಹತ್ತಿದರು, 2020ರಲ್ಲಿ ಕೋವಿಡ್‌ನಿಂದ ತೀರಿಕೊಳ್ಳುವವರೆಗೂ ಕೇಳುಗರು ಅವರ ಕೈಬಿಡಲಿಲ್ಲ. ನಮ್ಮಲ್ಲಿ ಅಜ್ಜಿಯ ದನಿ ಒಡೆದರೆ ಶಾಲು ಹೊದಿಸಿ ಕೂರಿಸುತ್ತೇವೆ. ಅದೇ ಹಾಡನ್ನು ಕೀಬೋರ್ಡಿನ ಅಬ್ಬರದಲ್ಲಿ ಬೇರೆಯವರಿಂದ ಹಾಡಿಸುತ್ತೇವೆ.

ಪ್ರೈನ್ ಅವರಿಂದ ಕಲಿಯಬೇಕಾದ್ದು ಒಂದಿದೆ. ಅವರ ಹೆತ್ತವರ ನೆಲ ಕೆಂಟಕಿ. ಅಲ್ಲಿ ಗ್ರೀನ್ ಎಂಬ ಹೊಳೆಯ ದಂಡೆಯಲ್ಲಿದ್ದ ಪ್ಯಾರಡೈಸ್ ಎಂಬ ಪುಟ್ಟ ಊರು ಈಗಿಲ್ಲ. ಸುತ್ತಲಿನ ನೆಲವನ್ನು ಕಲ್ಲಿದ್ದಲಿಗಾಗಿ ಬಗೆದು ಹಾಕಿದರು. ಜಗತ್ತಿಗೆ ಆ ಊರು ನೆನಪಿರುವುದು ಅವರ ಒಂದು ಹಾಡಿನಿಂದ. ನಮ್ಮಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಮೀನುಗಾರರು, ರೈತರು ಮನೆ ಬಿಟ್ಟರು. ಪರಿಹಾರದ ಕಡತಗಳು ಬೇಕಾದಷ್ಟಿವೆ. ಕಡೆಯ ದಿನ ಒಲೆಯ ಮೇಲೆ ಏನು ಬೇಯುತ್ತಿತ್ತು, ದೋಣಿಯನ್ನು ಯಾರಿಗೆ ಕೊಟ್ಟರು, ಅಂಗಳದ ತುಳಸಿಕಟ್ಟೆಯನ್ನು ಏನು ಮಾಡಿದರು ಎಂಬುದು ಕಡತಕ್ಕೆ ಬೇಡ, ಹಾಡಿಗೆ ಬೇಕು. ಅಪರಿಚಿತ ದೇಶದ ಮುದುಕಿಯ ಕಥೆಗೆ ಕರಗಿದ ನಿಮ್ಮಂಥವರು ಅದನ್ನು ಕೇಳಿ ಬರೆಯಬಲ್ಲಿರಿ ಎಂಬ ನಂಬಿಕೆ ನನಗಿದೆ.

ಮೊದಲು ನಿಮ್ಮ ತಾಯಿಯವರಿಗೆ ಯಾವ ಹಾಡು ಬರುತ್ತದೆ ಎಂದು ಕೇಳಿ. ಹೋಳಿಯ ಹೊತ್ತಿಗೆ ಅಂಕೋಲೆಯ ಕಡೆ ಸುಗ್ಗಿ ಕುಣಿತಕ್ಕೆ ಹೋಗಿ, ಗುಮಟೆ ವಾದ್ಯದ ಹತ್ತಿರವೇ ನಿಂತು ಕೇಳಿ. ಹಾಡಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಯಾರಿಂದ ಕಲಿತರು, ತಾವಾಗಿ ಸೇರಿಸಿದ ಸಾಲು ಯಾವುದು ಎಂದು ಬರೆದು ಕಳಿಸಿ. ಉಳಿದ ಓದುಗರೂ ಕಳಿಸಬಹುದು. ಯುಗಾದಿ ಸಂಚಿಕೆಯಲ್ಲಿ ಇದಕ್ಕಾಗಿ ಪುಟಗಳನ್ನು ತೆಗೆದಿಡುತ್ತೇನೆ. ಮೇಲೆ ದೊಡ್ಡ ಅಕ್ಷರದಲ್ಲಿ ಹಾಡಿದವರ ಹೆಸರು, ಕೆಳಗೆ ಸಂಗ್ರಹಿಸಿದವರ ಹೆಸರು.

ಸಂ.