ಗುಲಾಮಗಿರಿ ನಿಲ್ಲಿಸಿದ್ದಕ್ಕಾದರೂ ಬ್ರಿಟಿಷರನ್ನು ಮೆಚ್ಚಬೇಡವೇ?

ಗುಲಾಮಗಿರಿಯನ್ನು ಮೊದಲು ನಿಲ್ಲಿಸಿದವರೇ ಬ್ರಿಟಿಷರು, ಅಂಥ ಸಾಮ್ರಾಜ್ಯವನ್ನು ಬರೀ ಲೂಟಿಕೋರ ಅನ್ನಬಹುದೇ ಎಂದು ಕೇಳಿದ್ದೀರಿ. ಮೊದಲಿಗರಂತೂ ಅವರಲ್ಲ. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗುಲಾಮರು ದಂಗೆಯೆದ್ದು 1804ರಲ್ಲೇ ಸ್ವತಂತ್ರ ದೇಶ ಕಟ್ಟಿಕೊಂಡಿದ್ದರು. ಇನ್ನು ಮೆಚ್ಚುವ ಮಾತು. ನಾನಾದರೆ ಮೊದಲು ದುಡ್ಡು ಯಾರ ಕೈ ಸೇರಿತು ಅಂತ ನೋಡುತ್ತೇನೆ.

ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿದ 1833ರ ಕಾಯ್ದೆಯಿಂದ ಬಿಡುಗಡೆಯಾದವರು ಸುಮಾರು 8 ಲಕ್ಷ ಜನ. ಪರಿಹಾರ 2 ಕೋಟಿ ಪೌಂಡ್, ಆಗಿನ ಸರ್ಕಾರದ ವರ್ಷದ ಖರ್ಚಿನಲ್ಲಿ ಹತ್ತಿರಹತ್ತಿರ ಶೇ. 40. ಅಷ್ಟೂ ಮಾಲೀಕರಿಗೆ! ದುಡಿದವರಿಗೆ ಬಿಡಿಗಾಸೂ ಇಲ್ಲ. ಮೇಲಾಗಿ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ 1838ರವರೆಗೆ ಅದೇ ತೋಟಗಳಲ್ಲಿ ಬಿಟ್ಟಿ ದುಡಿಮೆ. ಪರಿಹಾರ ಕೊಡಲು ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಲಂಡನ್ನಿನಲ್ಲಿ ನೆಲೆಸಿದ, ಆ ಗುಲಾಮರದೇ ವಂಶದ ಜಮೈಕಾ ಮೂಲದವರ ತೆರಿಗೆಯೂ ಅದಕ್ಕೆ ಹೋಗಿದೆ ಅಂತಾಯಿತು.

ಜಾನ್ ಗ್ಲಾಡ್‌ಸ್ಟನ್ ಎಂಬಾತನನ್ನೇ ನೋಡಿ. ಮುಂದೆ ಪ್ರಧಾನಿಯಾದ ವಿಲಿಯಂನ ಅಪ್ಪ. 2,500ಕ್ಕೂ ಹೆಚ್ಚು ಗುಲಾಮರ ಲೆಕ್ಕ ತೋರಿಸಿ 1 ಲಕ್ಷ ಪೌಂಡಿಗೂ ಮಿಕ್ಕಿ ಪರಿಹಾರ ಪಡೆದ. ಕಬ್ಬಿನ ತೋಟಕ್ಕೆ ಆಳು ಬೇಕಲ್ಲ? 1836ರಲ್ಲಿ ಕಲ್ಕತ್ತಾದ ವ್ಯಾಪಾರಿ ಕಂಪನಿಯೊಂದಕ್ಕೆ ಕಾಗದ ಬರೆದ. 1838ರ ಮೇ ತಿಂಗಳಲ್ಲಿ ವಿಟ್‌ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ನಮ್ಮ ದೇಶದ ಕೂಲಿಗಳನ್ನು 5 ವರ್ಷದ ಕರಾರಿನ ಮೇಲೆ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾಕ್ಕೆ ತಂದಿಳಿಸಿದವು. ಅವರಲ್ಲಿ ಬಹಳಷ್ಟು ಜನ ಛೋಟಾನಾಗಪುರದ (ಇಂದಿನ ಜಾರ್ಖಂಡ್ ಕಡೆಯ) ಗುಡ್ಡಗಾಡಿನವರು. ಗ್ಲಾಡ್‌ಸ್ಟನ್‌ನ ತೋಟದಲ್ಲಿ ಓಡಿಹೋಗಲು ನೋಡಿದವರನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆದು, ಬೆನ್ನಿನ ಗಾಯಕ್ಕೆ ಉಪ್ಪುನೀರು ಉಜ್ಜಿದರೆಂದು ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಾರೆ. ಈ ಕರಾರು ಪದ್ಧತಿಗೆ ಹೊಸಬರನ್ನು ಕಳಿಸುವುದು ನಿಂತದ್ದು 1917ರಲ್ಲಿ.

ಇನ್ನೊಂದು ವಿಷಯ, ಇದನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. 1833ರ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿದ್ದರು. ಆಗ ಮಂಗಳೂರು, ಧಾರವಾಡ ಎರಡೂ ಕಂಪನಿಯ ಕೈಯಲ್ಲೇ ಇದ್ದವು. ಇಲ್ಲಿಗೆ ಕಾನೂನು ಬಂದದ್ದು 1843ರಲ್ಲಿ. ಅದೂ ಗುಲಾಮರ ಮೇಲಿನ ಹಕ್ಕನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎನ್ನುವಷ್ಟಕ್ಕೇ. ಜೀತ ಎಲ್ಲಿ ಹೋಯಿತು?

ಹಾಗಂತ ಎಲ್ಲವೂ ನಾಟಕ ಅನ್ನಲಾರೆ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಬ್ರಿಟಿಷ್ ನೌಕಾಪಡೆ ಸುಮಾರು 1.5 ಲಕ್ಷ ಜನರನ್ನು ಹಡಗುಗಳಿಂದ ಬಿಡಿಸಿದ್ದು ನಿಜ. ಅದೇ ನೌಕಾಪಡೆ ಗುಲಾಮರ ವ್ಯಾಪಾರ ನಿಲ್ಲಿಸುವ ಹೆಸರಿನಲ್ಲಿ 1851ರಲ್ಲಿ ಲಾಗೋಸ್ (ಇಂದಿನ ನೈಜೀರಿಯಾದ ಬಂದರು) ಮೇಲೆ ಫಿರಂಗಿ ಹಾರಿಸಿ, ದೊರೆಯನ್ನು ಓಡಿಸಿ, ತಮಗೆ ಬೇಕಾದವನನ್ನು ಕೂರಿಸಿತು. ಹತ್ತು ವರ್ಷ ಕಳೆದ ಮೇಲೆ ಅವನ ಮಗನಿಂದ ಇಡೀ ಊರನ್ನೇ ಬರೆಸಿಕೊಂಡರು. ಆಗಲೂ ಕೊಟ್ಟ ಕಾರಣ ಅದೇ.