ಎದುರಾಳಿಯನ್ನು ಕರೆಯಲು ಬಾರದ ಮಾಸ್ತರರು

ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಆಪ್ತಸಲಹೆಗೆ ಕೂತವರ ಬಳಿ ಆಟ ಬಿಟ್ಟವರು ಬರುವುದು ಹೊಸದಲ್ಲ. ಇದು ಸೈಕಲ್ಲಿನ ನಾಡು, ಕುಸ್ತಿಯ ನಾಡು. ಸೈಕಲ್ ಸ್ಪರ್ಧೆಗಳಲ್ಲಿ ಪದಕ ತಂದವರು ಸ್ಪರ್ಧೆ ಬಿಟ್ಟ ಮೇಲೆ ಸಂತೆಗೆ ಹೋಗಲೂ ಸೈಕಲ್ ಹತ್ತುವುದಿಲ್ಲ. ಗರಡಿ ಬಿಟ್ಟ ಪೈಲ್ವಾನರು ಜಾತ್ರೆಯ ಕುಸ್ತಿ ನೋಡಲೂ ಒಲ್ಲರು. ಆಡಿದರೆ ಗೆಲ್ಲುವುದಕ್ಕೇ ಆಡಬೇಕು, ಇಲ್ಲವಾದರೆ ಮುಟ್ಟಲೇಬಾರದು ಎಂಬ ಮಾತನ್ನು ನಾನು ಕೇಳಿ ಕೇಳಿ ದಣಿದಿದ್ದೇನೆ. ಅದೇ ಮಾತಿನ ಚದುರಂಗದ ಪ್ರಕರಣ ಇದು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ಮಾಸ್ತರರು ಎಂದಷ್ಟೇ ಕರೆಯುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮುಳುಗಡೆಗೆ ಮೊದಲು ಹಳೇ ಬಾಗಲಕೋಟೆಯಲ್ಲಿದ್ದ ಮನೆತನ, ಈಗ ವಾಸ ನವನಗರದಲ್ಲಿ. ಮಕ್ಕಳು ಪುಣೆಯಲ್ಲಿದ್ದಾರೆ. ಬೇಸಿಗೆ ರಜೆ ಬಂತೆಂದರೆ ಸಾಂಗಲಿ, ನಡುವೆ ಬಿಡುವು ಸಿಕ್ಕರೆ ಹುಬ್ಬಳ್ಳಿ, ಬೆಳಗಾವಿ, ಹೀಗೆ ಚದುರಂಗದ ಟೂರ್ನಿಗಳಿಗೆ ಹೋಗುತ್ತಿದ್ದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ ಕೊಡುವ ರೇಟಿಂಗ್, ಅಂದರೆ ಆಟದ ಬಲ ಅಳೆಯುವ ಅಂಕ, 1500ರ ಆಸುಪಾಸು. 2023ರ ಕೊನೆಯಲ್ಲಿ ಒಂದು ಟೂರ್ನಿಯಲ್ಲಿ ಅವರೆದುರು ಕೂತ ಹುಡುಗನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲವಂತೆ. ಹದಿನೆಂಟನೆಯ ನಡೆಯವರೆಗೂ ಆ ಹುಡುಗ ಯೋಚಿಸಲೇ ಇಲ್ಲ, ಎಲ್ಲ ಬಾಯಿಪಾಠ. ಸೋತದ್ದಕ್ಕಿಂತ, ಸೋಲಿಸುವಾಗ ಅವನು ಕಿಟಕಿಯ ಕಡೆ ನೋಡುತ್ತಿದ್ದದ್ದು ಮಾಸ್ತರರಿಗೆ ನಾಟಿತು. ಟೂರ್ನಿ ಸಾಕು, ಇನ್ನು ಹವ್ಯಾಸಕ್ಕೆ ಆಡಿದರಾಯಿತು ಎಂದುಕೊಂಡು ಊರಿಗೆ ಬಂದರು.

ಆ ಹವ್ಯಾಸವೇ ಅವರನ್ನು ನನ್ನ ಬಳಿಗೆ ತಂದಿತು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಆಟಕ್ಕೆ ಕೂತರೆ ಗಡಿಯಾರ ಒಂದು ಹೊಡೆದರೂ ಏಳುತ್ತಿರಲಿಲ್ಲ. ಸೋತರೆ ಅಂಕ ಮರಳಿ ಗಳಿಸಬೇಕು, ಗೆದ್ದರೆ ಇನ್ನಷ್ಟು ಏರಬೇಕು. ಬೆಳಿಗ್ಗೆ ಕಣ್ಣು ಕೆಂಪು, ಮಾತು ಖಾರ. ಕರೆದುಕೊಂಡು ಬಂದವರು ಅವರ ಹೆಂಡತಿ. ಬೋರ್ಡನ್ನು ಅಟ್ಟಕ್ಕೆ ಹಾಕಿ, ಮೊಬೈಲಿನಿಂದ ಆ ಆಟ ತೆಗೆಸಿಬಿಡಿ ಎಂಬುದು ಅವರ ಬೇಡಿಕೆ.

ನಾನು ಮೊದಲು ನೋಡಿದ್ದು ಊಟ, ನಿದ್ರೆ, ಉತ್ಸಾಹ. ನಿವೃತ್ತಿಯ ನಂತರದ ಖಿನ್ನತೆ ಎಷ್ಟೋ ಸಲ ಇಂತಹ ಚಟದ ವೇಷದಲ್ಲಿ ಬರುತ್ತದೆ. ಇವರಲ್ಲಿ ಅದು ಕಾಣಲಿಲ್ಲ. ಬೆಳಗಿನ ವಾಯುವಿಹಾರ ತಪ್ಪಿರಲಿಲ್ಲ, ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೂ ನಿಂತಿರಲಿಲ್ಲ. ಕೆಟ್ಟಿದ್ದು ಆಟವೊಂದೇ.

ಪ್ರಕರಣ ತಿರುಗಿದ್ದು ಇಬ್ಬರೂ ಒಟ್ಟಿಗೆ ಕೂತಿದ್ದ ಒಂದು ಭೇಟಿಯಲ್ಲಿ. ಮೊಬೈಲನ್ನು ಬದಿಗಿಟ್ಟು, ಸಂಜೆ ಉದ್ಯಾನದಲ್ಲಿ ಯಾರೊಡನೆ ಆಡುತ್ತೀರಿ ಎಂದು ಕೇಳಿದೆ.

"ಯಾರೊಡನೆಯೂ ಇಲ್ಲ. ನಾನು ಬರುವುದನ್ನು ಕಂಡರೆ ಅಲ್ಲಿ ಕೂತವರು ಇಸ್ಪೀಟು ತೆಗೆಯುತ್ತಾರೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಹೇಗೆ ಆಡುತ್ತಾರೆ ಮೇಡಂ? ಇವರು ಬರೆದುಕೊಳ್ಳುತ್ತಾರಲ್ಲ!"

ಏನನ್ನು ಬರೆದುಕೊಳ್ಳುತ್ತಾರೆ ಎಂದು ವಿಚಾರಿಸಿದೆ. ಮಾಸ್ತರರು ಅಂಗಿಯ ಜೇಬಿನಿಂದ ಎರಡು ಗೆರೆಯ ಸಣ್ಣ ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಪುಟದ ಎಡಕ್ಕೆ ಬಿಳಿಯ ನಡೆ, ಬಲಕ್ಕೆ ಕಪ್ಪಿನ ನಡೆ, ಪೆನ್ಸಿಲಿನ ಮುತ್ತಿನಂಥ ಅಕ್ಷರ. ಮೇಲೆ ತಾರೀಖು, ಎದುರಾಳಿಯ ಹೆಸರು, ಫಲಿತಾಂಶ. ನಡೆಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು. ತಪ್ಪು ನಡೆಗೆ ಒಂದು, ದೊಡ್ಡ ತಪ್ಪಿಗೆ ಎರಡು. ಟೂರ್ನಿಯಲ್ಲಿ ನಡೆ ಬರೆಯುವುದು ಕಡ್ಡಾಯ, ಅದು ಸರಿ. ಆದರೆ ಈ ಪುಸ್ತಕದಲ್ಲಿದ್ದ ಹೆಸರುಗಳು ಬೆಂಚಿನ ಮೇಲೆ ಚುರುಮುರಿ ತಿನ್ನುತ್ತ ಆಡುವ ನೆರೆಯವರದ್ದು. ನಿವೃತ್ತ ಕಂಡಕ್ಟರ್ ಒಬ್ಬರ ಒಂದೇ ಆಟಕ್ಕೆ ಹನ್ನೊಂದು ಪ್ರಶ್ನಾರ್ಥಕ ಬಿದ್ದಿದ್ದವು. ಎದುರಿಗೆ ಕೂತವರಿಗೆ ಅದು ಪಂಚನಾಮೆ ಬರೆಯುವುದನ್ನು ನೋಡಿದಂತೆಯೇ ಆಗಿರಬೇಕು. ಆಟ ಮುಗಿದ ಮೇಲೆ ಮಾಸ್ತರರು ಆ ಹನ್ನೊಂದನ್ನೂ ಒಂದೊಂದಾಗಿ ವಿವರಿಸಿದ್ದರಂತೆ. ಪ್ರೀತಿಯಿಂದಲೇ ವಿವರಿಸಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಕಂಡಕ್ಟರ್ ಸಾಹೇಬರು ಮರುದಿನದಿಂದ ಬೇರೆ ಬೆಂಚು ಹಿಡಿದರು.

"ಅವರನ್ನು ಆಟಕ್ಕೆ ಕರೆಯುವುದು ಹೇಗೆ ನೀವು?" ಎಂದು ಕೇಳಿದೆ.

"ಕರೆಯುವುದು ಎಂದರೆ? ಬೋರ್ಡ್ ಹಾಸಿ ಕಾಯಿ ಜೋಡಿಸಿ ಕೂರುತ್ತೇನೆ."

"ಆಮೇಲೆ?"

"ಆಮೇಲೇನು, ಆಡುವವರು ಬರಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮಷ್ಟಕ್ಕೆ ತಾವೇ ಲೆಕ್ಕ ಬಿಡಿಸುವವರ ಹಾಗೆ ಹೇಳಿದರು: "ನೋಡಿ ಮೇಡಂ, ಟೂರ್ನಿಯಲ್ಲಿ ಪ್ರತಿ ಸುತ್ತಿಗೂ ಗೋಡೆಗೆ ಪಟ್ಟಿ ಹಚ್ಚುತ್ತಾರೆ. ಮೂವತ್ತೇಳನೆಯ ಬೋರ್ಡ್, ನಿಮಗೆ ಕಪ್ಪು. ಹೋಗಿ ಕೂತರಾಯಿತು, ಎದುರಾಳಿ ಅಲ್ಲಿ ಇದ್ದೇ ಇರುತ್ತಾನೆ. ಹೊತ್ತಿಗೆ ಬಾರದಿದ್ದರೆ ಪೂರ್ತಿ ಅಂಕ ನನಗೇ. ಇಷ್ಟು ವರ್ಷದಲ್ಲಿ ‘ಬನ್ನಿ, ಒಂದು ಆಟ ಆಡೋಣ’ ಎಂದು ನಾನು ಯಾರನ್ನೂ ಕೇಳಿದವನಲ್ಲ. ಕೇಳುವುದು ಹೇಗೆಂದೂ ನನಗೆ ಗೊತ್ತಿಲ್ಲ."

ಆ ಲೆಕ್ಕದಂತೆ ಉದ್ಯಾನದಲ್ಲಿ ಅವರು ದಿನವೂ ಗೆಲ್ಲುತ್ತಲೇ ಇದ್ದರು. ಎದುರಾಳಿಯೇ ಬರುತ್ತಿರಲಿಲ್ಲವಲ್ಲ.

ನಾನು ಸಲಹೆ ಕೊಟ್ಟಿದ್ದು ಈ ಮಾತನ್ನು ಹಿಡಿದುಕೊಂಡು. ಟೂರ್ನಿಗಳಲ್ಲಿ ಹೆಚ್ಚಾಗಿ ನಡೆಯುವುದು ಸ್ವಿಸ್ ಪದ್ಧತಿ. ಪ್ರತಿ ಸುತ್ತಿನಲ್ಲೂ ಸಮ ಅಂಕದವರನ್ನು ಹುಡುಕಿ ಜೋಡಿಸಿ ಕೊಡುತ್ತಾರೆ. ಎದುರಾಳಿಯನ್ನು ಸಂಪಾದಿಸುವ ಕಷ್ಟ ಆಟಗಾರನಿಗಿಲ್ಲ, ಉಳಿಸಿಕೊಳ್ಳುವ ಹಂಗೂ ಇಲ್ಲ. ಸೋತವನು ಮುನಿಸಿಕೊಂಡು ಹೋದರೂ ಮುಂದಿನ ಸುತ್ತಿಗೆ ಇನ್ನೊಬ್ಬ ಸಿದ್ಧನಿರುತ್ತಾನೆ. ಮೊಬೈಲಿನ ಆಟವೂ ಹೀಗೆಯೇ, ಗುಂಡಿ ಒತ್ತಿದರೆ ಎಲ್ಲಿಯದೋ ಒಬ್ಬ ಹಾಜರು. ಮಾಸ್ತರರು ಅದಕ್ಕೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ಲಿ ಯಾರನ್ನೂ ಕೇಳಬೇಕಿಲ್ಲ. ಕಟ್ಟೆಯ ಆಟದಲ್ಲಿ ಎದುರಿನವನು ಎದ್ದು ಹೋದರೆ ಆಟವೇ ಇಲ್ಲ. ನಾಳೆಯೂ ಅವನಿಗೆ ಬರಬೇಕೆನಿಸಬೇಕು. ಹವ್ಯಾಸದ ಚದುರಂಗದಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಇದು, ಇದನ್ನು ಯಾವ ತರಬೇತುದಾರನೂ ಕಲಿಸುವುದಿಲ್ಲ.

"ಸೋಲು ಗೆಲುವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಖುಷಿಗೆ ಆಡಿ" ಎಂದು ನಾನು ಹೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಹಲವರು ಹೇಳುತ್ತಾರೆ, ಬಂಧುಬಳಗವಂತೂ ಹೇಳದೆ ಬಿಡುವುದಿಲ್ಲ. ಜೀವನವಿಡೀ ಸ್ಪರ್ಧಿಸಿದವರಿಗೆ ಅದು ಉಪಯೋಗಕ್ಕೆ ಬಾರದ ಮಾತು. ಗೆಲ್ಲುವ ಆಸೆ ಅವರ ಆಟದ ಜೀವ. ಅದನ್ನು ತೆಗೆದರೆ ಮರದ ಕಾಯಿಗಳನ್ನು ಅತ್ತಿಂದಿತ್ತ ಸರಿಸುವ ಕೆಲಸ ಉಳಿಯುತ್ತದೆ. ನೆರೆಯವರನ್ನು ಉಳಿಸಿಕೊಳ್ಳಲು ಬೇಕೆಂದೇ ಸೋಲುವುದು ಇನ್ನೂ ಕೆಟ್ಟದ್ದು, ಎದುರಿನವರಿಗೆ ಅದು ತಿಳಿಯದೆ ಹೋಗುವುದಿಲ್ಲ.

ನಾನು ಹೇಳಿದ್ದು ಕುದುರೆ ಬಿಟ್ಟು, ಅಂದರೆ ನಿಮ್ಮ ಒಂದು ಕುದುರೆಯನ್ನು ಮೊದಲೇ ತೆಗೆದಿಟ್ಟು, ಆಡಿ ಎಂದು. ರೇಟಿಂಗ್ ಲೆಕ್ಕದಲ್ಲಿ 200 ಅಂಕ ಮೇಲಿರುವವನು ನೂರು ಆಟಗಳಲ್ಲಿ, ಗೆಲುವಿಗೆ ಒಂದು, ಸಮಕ್ಕೆ ಅರ್ಧದಂತೆ, ಸುಮಾರು 76 ಅಂಕ ಪಡೆಯಬೇಕು, 400 ಅಂಕ ಮೇಲಿದ್ದರೆ 90ಕ್ಕೂ ಹೆಚ್ಚು. ಮಾಸ್ತರರಿಗೂ ಬೆಂಚಿನವರಿಗೂ ಇರುವ ಅಂತರ ಅದಕ್ಕಿಂತ ದೊಡ್ಡದು. ಅಂಥ ಆಟದಲ್ಲಿ ಇಬ್ಬರಿಗೂ ರುಚಿಯಿಲ್ಲ. ಬಲ್ಲವನು ಒಂದು ಕಾಯಿ ಮೊದಲೇ ತೆಗೆದಿಟ್ಟು ಆಡುವುದು ಹಳೆಯ, ಮರ್ಯಾದಸ್ಥ ಪದ್ಧತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಪಾಲ್ ಮಾರ್ಫಿ ಎದುರಾಳಿಗಳಿಗೆ ಒಂದು ಕಾಲಾಳನ್ನೂ ಮೊದಲ ನಡೆಯನ್ನೂ ಬಿಟ್ಟುಕೊಟ್ಟು ಆಡುತ್ತೇನೆಂದು ಸಾರಿದ್ದ. ಗೋಡೆಯ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಒಂದು ಕುದುರೆ ಮಾಡುತ್ತದೆ. ಅದನ್ನು ಕೊಟ್ಟ ಮೇಲೆ ಮಾಸ್ತರರು ತಮ್ಮ ಪೂರ್ತಿ ಶಕ್ತಿ ಹಾಕಿ ಆಡಬಹುದು, ನಾಟಕ ಬೇಕಿಲ್ಲ.

ಇನ್ನೊಂದು ಮಾತಿಗೆ ಅವರು ಸುಲಭಕ್ಕೆ ಒಪ್ಪಲಿಲ್ಲ. ಬೆಂಚಿನವರು ಆಡುವುದು ನಮ್ಮ ಕಡೆಯ ಹಳೆಯ ನಿಯಮದಲ್ಲಿ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿರುವ ಕೋಟೆ ಕಟ್ಟುವ ನಡೆ (ರಾಜ, ಆನೆ ಎರಡನ್ನೂ ಒಂದೇ ಸಲ ಸರಿಸುವುದು) ಇದರಲ್ಲಿಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯ ಹಾಗೆ ಜಿಗಿಯಬಹುದು. ಮಾಸ್ತರರು ಪ್ರತಿ ಸಲವೂ "ಫಿಡೆ ನಿಯಮದಲ್ಲಿ ಇದಿಲ್ಲ" ಎಂದು ತಿದ್ದುತ್ತಿದ್ದರು. ಅವರದೇ ನಿಯಮದಲ್ಲಿ ಆಡಿ ಎಂದಾಗ, ಅದು ಆಟವೇ ಅಲ್ಲ ಎಂದು ಮುಖ ಗಂಟಿಕ್ಕಿದರು. ಆಮೇಲೆ ತಮ್ಮ ವಾದಕ್ಕೆ ತಾವೇ ಅಡ್ಡ ಬಂದರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮದಲ್ಲೇ ಆಟ ಕಲಿತವನು, ದೊಡ್ಡವನಾದ ಮೇಲೆ ವಿಲಾಯಿತಿ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ, ಆಮೇಲೆ ಊರಿಗೆ ಮರಳಿ ಹೊಲಮನೆ ನೋಡಿಕೊಂಡಿದ್ದ. 2024ರಲ್ಲಿ ಫಿಡೆ ಅವನಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಇದನ್ನೆಲ್ಲ ನನಗೆ ಪಾಠ ಮಾಡಿದವರು ಮಾಸ್ತರರೇ. ಮಾಡಿ ಮುಗಿಸಿ, "ನಮ್ಮ ಕಾಕಾ ಕೂಡ ಹಳೇ ಊರಿನಲ್ಲಿ ಅಂಗಡಿ ಕಟ್ಟೆಯ ಮೇಲೆ ಹಾಗೆಯೇ ಆಡುತ್ತಿದ್ದರು, ನನಗೆ ಮೊದಲು ಬಂದದ್ದೂ ಆ ಆಟವೇ" ಎಂದರು. ಬಾಯಿಪಾಠ ಮಾಡಿದ ಆರಂಭದ ನಡೆಗಳು ಆ ನಿಯಮದಲ್ಲಿ ಹೆಚ್ಚು ಕೆಲಸಕ್ಕೆ ಬಾರವು ಎಂಬುದು ನನಗಿಂತ ಮೊದಲು ಅವರಿಗೇ ಹೊಳೆಯಿತು.

ನೋಟುಪುಸ್ತಕವನ್ನು ಉದ್ಯಾನಕ್ಕೆ ಒಯ್ಯಬಾರದೆಂದೆ. "ಬರೆಯದಿದ್ದರೆ ಆಟ ಮರೆತುಹೋಗುತ್ತದೆ" ಎಂದರು. "ಹೋಗಲಿ" ಎಂದೆ. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಈ ಮೂರಕ್ಷರದ ಉತ್ತರ ಎಂದು ಆಮೇಲೆ ಹೇಳಿದರು. ಅದನ್ನು ಹಿಂದೆಗೆದುಕೊಳ್ಳಲು ನಾನು ಸಿದ್ಧಳಿಲ್ಲ. ದಾಖಲೆ ಇರುವವರೆಗೆ ಮನಸ್ಸು ಸ್ಪರ್ಧೆಯಲ್ಲೇ ಇರುತ್ತದೆ.

ಅಂಕಗಳ ವಿಷಯದಲ್ಲಿ ಅವರ ಕಣ್ಣು ತೆರೆಸಿದ್ದು ನಾನಲ್ಲ, ಫಿಡೆ. 2024ರ ಮಾರ್ಚ್ 1ರಂದು ಅದು 2000ಕ್ಕಿಂತ ಕೆಳಗಿನವರ ರೇಟಿಂಗನ್ನು ಒಂದೇ ಬಾರಿಗೆ ಏರಿಸಿತು. 2000ಕ್ಕೂ ನಿಮ್ಮ ಅಂಕಕ್ಕೂ ಎಷ್ಟು ಅಂತರವೋ ಅದರ ಶೇ. 40ರಷ್ಟು ಸೇರ್ಪಡೆ. ಟೂರ್ನಿ ಬಿಟ್ಟು ಮನೆಯಲ್ಲಿ ಕೂತಿದ್ದ ಮಾಸ್ತರರಿಗೆ ಒಂದು ಕಾಯಿಯನ್ನೂ ಮುಟ್ಟದೆ ಸುಮಾರು 200 ಅಂಕ ಬಂದವು. ವರ್ಷಗಟ್ಟಲೆ ಬಸ್ಸು, ಲಾಡ್ಜು ಎಂದು ಅಲೆದು ಅಷ್ಟನ್ನು ಗಳಿಸಲಾಗಿರಲಿಲ್ಲ. ಇದನ್ನು ಹೇಳುವಾಗ ಅವರಿಗೆ ಸಿಟ್ಟು ಬಂದಿತ್ತು. ಅದೇ ಸಿಟ್ಟಿನಲ್ಲಿ, ಮೊಬೈಲಿನಲ್ಲಿ ರೇಟಿಂಗ್ ಇಲ್ಲದ ಆಟವನ್ನಷ್ಟೇ ಆಡುತ್ತೇನೆಂದು ಒಪ್ಪಿದರು.

ಅಟ್ಟದ ಬೇಡಿಕೆಯನ್ನು ಏಕೆ ಒಪ್ಪಲಿಲ್ಲ ಎಂದು ಕೇಳಿದವರಿದ್ದಾರೆ. ಒಂಟಿತನಕ್ಕೆ ಚಿಕಿತ್ಸೆ ಕೊಡುವ ಬದಲು ಚದುರಂಗ ಹೇಳಿಕೊಟ್ಟೆ ಎಂದು ನನ್ನ ಕ್ಷೇತ್ರದವರೇ ಆಡಿಕೊಂಡದ್ದೂ ಉಂಟು. ಅರವತ್ತು ದಾಟಿದವರ ಕೈಯಿಂದ ಅವರಿಗೆ ಚೆನ್ನಾಗಿ ಬರುವ ಒಂದೇ ಒಂದು ಸಂಗತಿಯನ್ನು ಕಿತ್ತುಕೊಂಡು, ಬದಲಿಗೆ ಯಾವ ಗೆಳೆತನವನ್ನು ಕೊಡುವುದಿತ್ತು? ಓಣಿಯ ಮನುಷ್ಯರ ಬಳಿಗೆ ಹೋಗಲು ಅವರಿಗಿದ್ದ ಬಾಗಿಲು ಆ ಬೋರ್ಡೇ ಆಗಿತ್ತು, ತೆರೆಯುವ ರೀತಿ ಗೊತ್ತಿರಲಿಲ್ಲ ಅಷ್ಟೆ. ಕೆಲವರು ಮಾಜಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಉದಾಹರಣೆ ತರುತ್ತಾರೆ. 2005ರಲ್ಲಿ ನಿವೃತ್ತನಾದವನು 2017ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮತ್ತೆ ಕೂತು ಆಡಿದನಲ್ಲ ಎನ್ನುತ್ತಾರೆ. ಆಡಿದ, ಆದರೆ ಅವನ ಎದುರಿಗೆ ಕೂರಲು ಜಗತ್ತೇ ಸಾಲುಗಟ್ಟಿ ನಿಲ್ಲುತ್ತದೆ. ನವನಗರದ ನಿವೃತ್ತ ಮಾಸ್ತರರಿಗೆ ಆ ಕಂಡಕ್ಟರ್ ಒಬ್ಬರನ್ನು ಒಲಿಸಿಕೊಳ್ಳುವುದೇ ದೊಡ್ಡ ಕೆಲಸ.

ಓದುವ ಮನೆಯವರಿಗೆ ಒಂದು ಮಾತು. ಆಟ ಬಿಟ್ಟವರು ಊಟ, ನಿದ್ರೆ ಎರಡನ್ನೂ ಬಿಟ್ಟು ವಾರಗಟ್ಟಲೆ ಮಂಕಾಗಿ ಕೂತಿದ್ದರೆ ಇಂತಹ ಉಪಾಯಗಳು ಸಾಲವು. ವೈದ್ಯರನ್ನು ಕಾಣಿಸಿ, ಅಥವಾ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಹಾಗಲ್ಲದೆ ಬರೀ ಸಿಡುಕು, ರಾತ್ರಿಯ ಮೊಬೈಲು ಆದರೆ, ಅವರು ಕೊನೆಯ ಸಲ ಯಾರನ್ನು ತಾವಾಗಿ ಆಟಕ್ಕೆ ಕರೆದರು ಎಂದು ವಿಚಾರಿಸಿ ನೋಡಿ.

ಮಾಸ್ತರರು ಕಂಡಕ್ಟರ್ ಸಾಹೇಬರನ್ನು ಕೇಳಿದರು. ನೇರವಾಗಿ ಕೇಳಲು ನಾಲಿಗೆ ಬರಲಿಲ್ಲವಂತೆ. "ನಿಮ್ಮ ನಿಯಮ ನನಗೆ ಮರೆತಿದೆ, ಹೇಳಿಕೊಡುತ್ತೀರಾ?" ಎಂದು ಕೇಳಿದ್ದಾರೆ. ಇದಕ್ಕಿಂತ ಒಳ್ಳೆಯ ಆರಂಭದ ನಡೆಯನ್ನು ನಾನು ಹೇಳಿಕೊಡಲಾರೆ. ಈಗ ಕುದುರೆ ಬಿಟ್ಟು ಆಡುವುದು ನಡೆದಿದೆ, ಸೋತವರು ಚಹಾ ಕೊಡಿಸಬೇಕು. ಮಾಸ್ತರರು ಸೋತ ದಿನ ಮನೆಯಲ್ಲಿ ಮುಖ ಊದಿಸಿಕೊಂಡೇ ಇರುತ್ತಾರೆ ಎಂದು ಹೆಂಡತಿಯ ದೂರು. ಅದಕ್ಕೆ ನನ್ನ ಬಳಿ ಮದ್ದಿಲ್ಲ, ಬೇಕೆಂದೂ ಅನಿಸಿಲ್ಲ. ಮೊಬೈಲಿನ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಹತ್ತರವರೆಗೆ ಆಡುತ್ತೇನೆಂದು ಅವರು, ಒಂಬತ್ತಕ್ಕೇ ಮುಚ್ಚಿಡಬೇಕೆಂದು ಇವರು. ಸದ್ಯಕ್ಕೆ ಒಂಬತ್ತೂವರೆ ಎಂದಾಗಿದೆ, ಚಾರ್ಜರ್ ಹೆಂಡತಿಯ ಕೋಣೆಯಲ್ಲಿದೆ.