ಓದುಗರ ಪ್ರಶ್ನೆ: ತಪ್ಪೊಪ್ಪಿಕೊಂಡ ತಾರೆ ಮೊದಲು ಯಾರ ಬಾಗಿಲಿಗೆ ಹೋಗಬೇಕು?

ಪ್ರಶ್ನೆ: ನಾನು ಚಿಕ್ಕಂದಿನಿಂದ ಆರಾಧಿಸಿಕೊಂಡು ಬಂದ ಓಟಗಾರರೊಬ್ಬರು ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದರು. ವರ್ಷಗಟ್ಟಲೆ ತಾವು ನಿರಪರಾಧಿ ಎಂದೇ ಹೇಳಿಕೊಂಡು ಬಂದರು. ಈಗ ಟೀವಿ ಸಂದರ್ಶನವೊಂದರಲ್ಲಿ ಕಣ್ಣೀರಿಡುತ್ತ ಎಲ್ಲವನ್ನೂ ಒಪ್ಪಿಕೊಂಡು, ಅಭಿಮಾನಿಗಳು ತಮ್ಮನ್ನು ಕ್ಷಮಿಸಬೇಕೆಂದು ಬೇಡಿಕೊಂಡಿದ್ದಾರೆ. ನನ್ನ ಮನಸ್ಸು ಕರಗಿದ್ದು ನಿಜ, ಆದರೆ ಮತ್ತೆ ನಂಬಲು ಧೈರ್ಯ ಸಾಲುತ್ತಿಲ್ಲ. ಇಂಥವರನ್ನು ಕ್ಷಮಿಸಬೇಕೆ? ಪಶ್ಚಾತ್ತಾಪ ನಿಜವೋ ನಟನೆಯೋ ಎಂದು ತಿಳಿಯುವುದು ಹೇಗೆ?

ಉತ್ತರ: ಕಣ್ಣೀರು ನಿಜವೇ ಎಂದು ಪರೀಕ್ಷಿಸುತ್ತ ಕೂರಬೇಡಿ, ಕ್ಯಾಮೆರಾ ಎದುರಿನ ಮುಖ ನೋಡಿ ಅದನ್ನು ಯಾರೂ ಹೇಳಲಾರರು. ನಿರಪರಾಧಿ ಎಂದು ಅಷ್ಟು ವರ್ಷ ನಮ್ಮನ್ನು ನಂಬಿಸಿದ್ದೂ ಅದೇ ಮುಖವಲ್ಲವೆ? ಅವರು ಟೀವಿಗೆ ಬರುವ ಮೊದಲು ಯಾರ ಯಾರ ಬಾಗಿಲು ತಟ್ಟಿದ್ದರು ಎಂಬುದನ್ನು ವಿಚಾರಿಸಿ. ಅಭಿಮಾನಿಗಳಾದ ನಮಗೆ ಆಗಿರುವುದು ಮನಸ್ಸಿನ ನೋವು. ಅದೇ ಓಟದಲ್ಲಿ ನಾಲ್ಕನೆಯವರಾಗಿ ಬಂದು ಬರಿಗೈಯಲ್ಲಿ ಮನೆಗೆ ಹೋದವರಿಗೆ, ಅವರೊಂದಿಗೆ ರಿಲೇ ಓಡಿ ಪದಕ ಕಳೆದುಕೊಂಡವರಿಗೆ, ಸತ್ಯ ಹೇಳಿದ್ದಕ್ಕೆ ಹೊಟ್ಟೆಕಿಚ್ಚಿನವರೆಂದು ಬೈಸಿಕೊಂಡವರಿಗೆ ಆಗಿರುವುದು ಬದುಕಿನ ನಷ್ಟ. ಅಭಿಮಾನಿಯ ಕ್ಷಮೆ ಬೇಗ ಸಿಗುತ್ತದೆ, ಏಕೆಂದರೆ ಕ್ಷಮಿಸಲು ಏನಾದರೊಂದು ಕಾರಣ ಸಿಗಲಿ ಎಂದು ಅವನು ಒಳಗೊಳಗೇ ಹಾರೈಸುತ್ತಿರುತ್ತಾನೆ. ಸಿಕ್ಕಿಬಿದ್ದ ತಾರೆಗಳಲ್ಲಿ ಹೆಚ್ಚಿನವರು ಮೊದಲು ಅವನ ಬಳಿಗೇ ಬರುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದಿದ್ದ ಅವರು, 2012ರಲ್ಲಿ ಆ ಏಳೂ ಪ್ರಶಸ್ತಿಗಳನ್ನು ಕಳೆದುಕೊಂಡು, 2013ರ ಜನವರಿಯಲ್ಲಿ ಅಮೆರಿಕದ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಎದುರು ಕುಳಿತು ತಪ್ಪೊಪ್ಪಿಕೊಂಡರು. ನಿಷೇಧಿತ ಮದ್ದು ತೆಗೆದುಕೊಂಡಿರಾ, ರಕ್ತ ಮರುಪೂರಣ ಮಾಡಿಸಿಕೊಂಡಿರಾ ಎಂಬ ನೇರ ಪ್ರಶ್ನೆಗಳಿಗೆ ಒಂದೊಂದಾಗಿ ಹೌದು ಎಂದರು. ಕೇಳುವವರಿಗೆ ಅದು ಸಂಪೂರ್ಣ ತಪ್ಪೊಪ್ಪಿಗೆಯಂತೆಯೇ ತೋರಿತು. ಆದರೆ ಅವರ ಹಳೆಯ ಸಹ ಆಟಗಾರ ಫ್ರಾಂಕಿ ಆಂಡ್ರ್ಯೂ ಅವರ ಪತ್ನಿ ಬೆಟ್ಸಿ, 1996ರಲ್ಲಿ ಆಸ್ಪತ್ರೆಯ ಕೋಣೆಯೊಂದರಲ್ಲಿ ಆರ್ಮ್‌ಸ್ಟ್ರಾಂಗ್ ತಾವು ಮದ್ದು ಬಳಸುತ್ತಿದ್ದುದಾಗಿ ವೈದ್ಯರಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದು ಪ್ರಮಾಣ ಮಾಡಿ ಹೇಳಿದ್ದರು, ಮತ್ತು ಆ ಒಂದು ಮಾತಿಗಾಗಿ ವರ್ಷಗಟ್ಟಲೆ ನಿಂದನೆ ಸಹಿಸಿದ್ದರು. ಆ ಆಸ್ಪತ್ರೆಯ ವಿಷಯ ಬಂದಾಗ ಆರ್ಮ್‌ಸ್ಟ್ರಾಂಗ್ ಉತ್ತರಿಸಲು ನಿರಾಕರಿಸಿದರು. ಬೆಟ್ಸಿಗೆ ಫೋನ್ ಮಾಡಿ ಮಾತನಾಡಿದ್ದಾಗಿಯೂ, ಅವರಿಗೆ ಆಗಿರುವ ನೋವಿಗೆ ನಲವತ್ತು ನಿಮಿಷದ ಮಾತು ಸಾಲದೆಂದೂ ಅವರೇ ಹೇಳಿದರು. ಆ ಮಾತಿನಲ್ಲಿ ಪ್ರಾಮಾಣಿಕತೆ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಬೆಟ್ಸಿ ಸುಳ್ಳುಗಾರ್ತಿಯಲ್ಲ ಎಂದು ಜಗತ್ತಿಗೆ ತಿಳಿಸಬಹುದಾಗಿದ್ದ ಒಂದೇ ಒಂದು ವಾಕ್ಯವನ್ನು, ಲಕ್ಷಾಂತರ ಜನ ನೋಡುತ್ತಿದ್ದ ಆ ಹೊತ್ತಿನಲ್ಲಿ, ಅವರು ತಮ್ಮ ಬಳಿಯೇ ಇಟ್ಟುಕೊಂಡರು. ಸಂದರ್ಶನ ನೋಡುವಾಗ ಇಂಥ ಜಾಗಗಳನ್ನು ಗಮನಿಸಿ: ತಮಗೆ ನಷ್ಟವಾಗುವ, ಆದರೆ ಇನ್ನೊಬ್ಬರ ಮಾನ ಮರಳಿ ಬರುವ ವಿವರವನ್ನು ಹೇಳುತ್ತಾರೋ, ನುಂಗಿಕೊಳ್ಳುತ್ತಾರೋ?

ಪದಕ ಕಳೆದುಕೊಂಡವರ ಪಾಡು ಏನೆಂದು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಗುಂಡು ಎಸೆತ ಸ್ಪರ್ಧೆ ಪ್ರಾಚೀನ ಒಲಿಂಪಿಯಾದ ಕ್ರೀಡಾಂಗಣದಲ್ಲೇ ನಡೆದಿತ್ತು. ಅಮೆರಿಕದ ಆಡಂ ನೆಲ್ಸನ್ ಮತ್ತು ಉಕ್ರೇನಿನ ಯೂರಿ ಬಿಲೊನೊಗ್ ಇಬ್ಬರ ಶ್ರೇಷ್ಠ ಎಸೆತವೂ 21.16 ಮೀಟರ್. ಎರಡನೆಯ ಉತ್ತಮ ಎಸೆತದ ಲೆಕ್ಕದಲ್ಲಿ ಚಿನ್ನ ಬಿಲೊನೊಗ್ ಅವರ ಪಾಲಾಯಿತು. ಸಂಗ್ರಹಿಸಿಟ್ಟಿದ್ದ ಅವರ ಮೂತ್ರದ ಮಾದರಿಯನ್ನು 2012ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದರಲ್ಲಿ ಸ್ಟೆರಾಯ್ಡ್ ಪತ್ತೆಯಾಗಿ ಚಿನ್ನವನ್ನು ಹಿಂಪಡೆಯಲಾಯಿತು. 2013ರಲ್ಲಿ ನೆಲ್ಸನ್ ಅವರಿಗೆ ಅದು ಕೈಸೇರಿದ್ದು ಅಟ್ಲಾಂಟಾ ವಿಮಾನ ನಿಲ್ದಾಣದ ಊಟದ ಅಂಗಡಿಗಳ ಸಾಲಿನಲ್ಲಿ. ರಾಷ್ಟ್ರಗೀತೆಯಿಲ್ಲ, ವೇದಿಕೆಯಿಲ್ಲ, ಸುತ್ತ ತಿಂಡಿ ತಿನ್ನುತ್ತ ವಿಮಾನಕ್ಕೆ ಕಾಯುತ್ತಿದ್ದ ಪ್ರಯಾಣಿಕರು. ಒಂಬತ್ತು ವರ್ಷಗಳಲ್ಲಿ ಚಿನ್ನದ ಪದಕ ವಿಜೇತನಿಗೆ ಬರಬಹುದಾಗಿದ್ದ ಪ್ರಾಯೋಜಕರು, ಆಹ್ವಾನಗಳು, ಗೌರವ ಯಾವುದನ್ನೂ ಯಾರೂ ಮರಳಿಸಲಾರರು. ಸಿಕ್ಕಿಬಿದ್ದ ತಾರೆ ನಮ್ಮಿಂದ ಕ್ಷಮೆ ಕೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಆ ವಿಮಾನ ನಿಲ್ದಾಣ.

ಸತ್ಯ ಹೇಳುವುದೂ ಸುಲಭದ ಕೆಲಸವಲ್ಲ, ಅದನ್ನೂ ಒಪ್ಪಬೇಕು. ಬ್ರಿಟನ್ನಿನ ವೇಗದ ಓಟಗಾರ ಡ್ವೇನ್ ಚೇಂಬರ್ಸ್ 2003ರಲ್ಲಿ ಟಿಎಚ್‌ಜಿ ಎಂಬ ಸ್ಟೆರಾಯ್ಡ್ ಬಳಸಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೆ ಒಳಗಾದರು. ಆಮೇಲೆ, ಅದಕ್ಕೂ ಮೊದಲೇ ಮದ್ದು ಬಳಸುತ್ತಿದ್ದೆ ಎಂದು ತಾವಾಗಿಯೇ ಒಪ್ಪಿಕೊಂಡರು. ಅದರ ಪರಿಣಾಮವಾಗಿ 2002ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರೊಂದಿಗೆ ರಿಲೇ ಓಡಿ ಚಿನ್ನ ಗೆದ್ದಿದ್ದ ಮೂವರು ನಿರ್ದೋಷಿಗಳೂ ಪದಕ ಕಳೆದುಕೊಂಡರು. ಆ ಮೂವರಲ್ಲಿ ಒಬ್ಬರಾದ ಡ್ಯಾರೆನ್ ಕ್ಯಾಂಪ್‌ಬೆಲ್, 2006ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಇದೇ ಚೇಂಬರ್ಸ್ ಇದ್ದ ತಂಡದೊಂದಿಗೆ ಮತ್ತೆ ಚಿನ್ನ ಗೆದ್ದಾಗ, ಗೆಲುವಿನ ಸುತ್ತು ಹಾಕಲು ಜೊತೆಗೆ ಹೋಗಲಿಲ್ಲ. ಓಡುವ ಕೋಲನ್ನು ಕೈಯಿಂದ ಕೈಗೆ ದಾಟಿಸಿದವರ ನಡುವೆಯೂ ಕ್ಷಮೆ ಹುಟ್ಟಿರಲಿಲ್ಲ. ಕ್ಯಾಂಪ್‌ಬೆಲ್ ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಚೇಂಬರ್ಸ್ ಹಳೆಯದನ್ನು ಬಾಯಿಬಿಟ್ಟದ್ದು ತಪ್ಪೆಂದಂತೂ ಖಂಡಿತ ಹೇಳಲಾರೆ.

ಆದ್ದರಿಂದ ನಿಮ್ಮ ಪಾಲಿನ ನೋವನ್ನು ನೀವು ಕ್ಷಮಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಇತರರ ಪಾಲಿನದನ್ನು ಮನ್ನಿಸುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಆ ಓಟಗಾರರು ಬಹುಮಾನದ ಹಣ ಹಿಂದಿರುಗಿಸಿದ್ದಾರೆಯೇ, ಮದ್ದು ಕೊಟ್ಟವರ ಹೆಸರನ್ನು ತನಿಖಾಧಿಕಾರಿಗಳಿಗೆ ಹೇಳಿದ್ದಾರೆಯೇ, ತಮ್ಮ ಹಿಂದೆ ಓಡಿದವರನ್ನು ಹೆಸರು ಹಿಡಿದು ನೆನೆದಿದ್ದಾರೆಯೇ ಎಂದು ನೋಡಿ. ಈ ಮೂರಕ್ಕೂ ಉತ್ತರ ಇಲ್ಲವೆಂದಾದರೆ, ಅವರನ್ನು ನಂಬಲು ಧೈರ್ಯ ಬರುತ್ತಿಲ್ಲವೆಂದು ನೀವು ಸಂಕೋಚಪಡಬೇಕಾಗಿಲ್ಲ.

ಪ್ರಶ್ನೆ: ನಿಷೇಧದ ಅವಧಿ ಮುಗಿಸಿ ಬಂದವರನ್ನು ಮೈದಾನದಲ್ಲಿ ಗೇಲಿ ಮಾಡುವುದು ಸರಿಯೆ? ಶಿಕ್ಷೆ ಮುಗಿದ ಮೇಲೆ ಲೆಕ್ಕ ಚುಕ್ತಾ ಆಗಬೇಕಲ್ಲವೆ?

ಉತ್ತರ: ಮರಳಿ ಆಡುವುದು ನಿಯಮ ಕೊಟ್ಟಿರುವ ಹಕ್ಕು. ಅದನ್ನು ಪ್ರೇಕ್ಷಕರು ಕೂಗಾಡಿ ಕಸಿದುಕೊಳ್ಳಬಾರದು. ಹಾಗೆಂದು ಚಪ್ಪಾಳೆ ತಟ್ಟಲೇಬೇಕೆಂಬ ಕಟ್ಟುಪಾಡೂ ಇಲ್ಲ. ಕೈಕಟ್ಟಿ ಸುಮ್ಮನೆ ಕೂರುವ ಸ್ವಾತಂತ್ರ್ಯ ಪ್ರೇಕ್ಷಕನಿಗೆ ಇದ್ದೇ ಇದೆ.

2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಮರಳು ಕಾಗದದಿಂದ ಚೆಂಡು ವಿರೂಪಗೊಳಿಸಿದ ಪ್ರಕರಣದಲ್ಲಿ ಆಸ್ಟ್ರೇಲಿಯಾದ ನಾಯಕ ಸ್ಟೀವ್ ಸ್ಮಿತ್ ಒಂದು ವರ್ಷ ಹೊರಗುಳಿದರು. 2019ರ ವಿಶ್ವಕಪ್‌ನಲ್ಲಿ ಓವಲ್ ಮೈದಾನದ ಗಡಿಗೆರೆಯ ಬಳಿ ಅವರು ಕ್ಷೇತ್ರರಕ್ಷಣೆಗೆ ನಿಂತಿದ್ದಾಗ ಪ್ರೇಕ್ಷಕರು ಗೇಲಿ ಮಾಡತೊಡಗಿದರು. ಆಗ ಬ್ಯಾಟ್ ಮಾಡುತ್ತಿದ್ದ ಎದುರಾಳಿ ನಾಯಕ ವಿರಾಟ್ ಕೊಹ್ಲಿ, ಗೇಲಿ ನಿಲ್ಲಿಸಿ ಚಪ್ಪಾಳೆ ತಟ್ಟಿರೆಂದು ಪ್ರೇಕ್ಷಕರಿಗೆ ಕೈಸನ್ನೆ ಮಾಡಿದ್ದನ್ನು ನೀವೂ ನೋಡಿರಬಹುದು. ಅಂಗಳದಲ್ಲಿ ಸ್ಮಿತ್ ಅವರ ಎದುರಾಳಿಯಾಗಿದ್ದವರೇ ಆ ಮಾತು ಹೇಳಿದ್ದರಿಂದ ಅದಕ್ಕೆ ತೂಕ ಬಂತು.

ಆದರೆ ಅದೇ ವರ್ಷದ ಆ್ಯಷಸ್ ಸರಣಿಯಲ್ಲಿ ಸ್ಮಿತ್ 774 ರನ್ ಗಳಿಸಿದಾಗ, ಎಜ್‌ಬಾಸ್ಟನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಬಾರಿಸಿದಾಗ, ಬಹಳ ಜನ ಅದನ್ನು ಪಾಪ ತೊಳೆದ ಕಥೆಯಾಗಿ ಬರೆದರು. ಇದನ್ನು ನಾನು ಒಪ್ಪುವುದಿಲ್ಲ. ರನ್ ಗಳಿಸುವುದು ಅವರ ಪ್ರತಿಭೆ; ಅದು ತಪ್ಪಿಗೆ ಪರಿಹಾರವಾಗುವುದಾದರೆ, ನಿಷೇಧ ಮುಗಿಸಿ ಬಂದು ಫಾರ್ಮ್ ಕಳೆದುಕೊಂಡ ಸಾಮಾನ್ಯ ಆಟಗಾರನಿಗೆ ಪ್ರಾಯಶ್ಚಿತ್ತದ ದಾರಿಯೇ ಇಲ್ಲವೆಂದಾಗುತ್ತದೆ. ಮರಳಿ ಬಂದದ್ದೇ ಬದಲಾದದ್ದರ ಗುರುತೂ ಅಲ್ಲ. 1988ರ ಸೋಲ್ ಒಲಿಂಪಿಕ್ಸ್‌ನ ನೂರು ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಗೆದ್ದು, ಮೂರೇ ದಿನಗಳಲ್ಲಿ ಪದಕ ಕಳೆದುಕೊಂಡ ಬೆನ್ ಜಾನ್ಸನ್, ಮರುವರ್ಷ ಕೆನಡಾದ ವಿಚಾರಣಾ ಆಯೋಗದ ಎದುರು ತಪ್ಪೊಪ್ಪಿಕೊಂಡರು. ನಿಷೇಧ ಮುಗಿಸಿ 1991ರಲ್ಲಿ ಮತ್ತೆ ಟ್ರ್ಯಾಕಿಗೆ ಬಂದವರು 1993ರಲ್ಲಿ ಮತ್ತೊಮ್ಮೆ ಸಿಕ್ಕಿಬಿದ್ದು ಆಜೀವ ನಿಷೇಧಕ್ಕೆ ಒಳಗಾದರು.

ಪ್ರಶ್ನೆ: ತಪ್ಪು ಮಾಡಿದಾಗ ತೀರಾ ಚಿಕ್ಕ ವಯಸ್ಸಾಗಿದ್ದರೆ ಬೇರೆ ಅಳತೆ ಇರಬೇಕೆ?

ಉತ್ತರ: ಇರಬೇಕು. 2010ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಹಣಕ್ಕಾಗಿ ಬೇಕೆಂದೇ ನೋಬಾಲ್ ಎಸೆದಾಗ ಪಾಕಿಸ್ತಾನದ ಮೊಹಮ್ಮದ್ ಆಮಿರ್ ಅವರಿಗೆ ಹದಿನೆಂಟು ವರ್ಷ. ಆ ಸಂಚಿನಲ್ಲಿ ಅವರ ನಾಯಕನೇ ಭಾಗಿಯಾಗಿದ್ದರು. ನಾಯಕನಿಗೆ ಎದುರಾಡಲು ಆ ವಯಸ್ಸಿನ ಹುಡುಗನಿಗೆ ಎಷ್ಟು ಧೈರ್ಯವಿದ್ದೀತು? ಲಂಡನ್ನಿನ ನ್ಯಾಯಾಲಯದಲ್ಲಿ ಆಮಿರ್ ತಪ್ಪೊಪ್ಪಿಕೊಂಡರು, ಸೆರೆವಾಸ ಅನುಭವಿಸಿದರು, ಐದು ವರ್ಷದ ನಿಷೇಧ ಮುಗಿಸಿ 2016ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿ, ಅದೇ ಲಾರ್ಡ್ಸ್‌ನಲ್ಲಿ ಆಡಿದರು. ಅವರು ಬರುತ್ತಾರೆಂದು ತಿಳಿದು ಮೊಹಮ್ಮದ್ ಹಫೀಜ್ ಮತ್ತು ಅಜರ್ ಅಲಿ ಮೊದಲು ತರಬೇತಿ ಶಿಬಿರಕ್ಕೆ ಹೋಗಲು ಒಪ್ಪಿರಲಿಲ್ಲ, ಆಮೇಲೆ ಮನಸ್ಸು ಬದಲಿಸಿದರು. ಪ್ರಾಮಾಣಿಕವಾಗಿ ಆಡಿಕೊಂಡು ಬಂದವರ ಆ ಸಿಟ್ಟನ್ನೂ ನಾವು ಗೌರವಿಸಬೇಕು. ವಯಸ್ಸು ಶಿಕ್ಷೆಯನ್ನು ಹಗುರಗೊಳಿಸಬಹುದು. ತಂಡದವರಿಗೆ ಆದ ಅವಮಾನವನ್ನು ಹಗುರಗೊಳಿಸುವುದಿಲ್ಲ.

ಪ್ರಶ್ನೆ: ನನ್ನ ತಂಗಿ ಅಥ್ಲೀಟ್. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಆಕೆಯ ಮಾದರಿಯಲ್ಲಿ ಸ್ಟೆರಾಯ್ಡ್ ಪತ್ತೆಯಾಗಿ ನೋಟಿಸ್ ಬಂದಿದೆ. ತೆಗೆದುಕೊಂಡದ್ದು ನಿಜವೆಂದು ನನ್ನ ಬಳಿ ಅತ್ತುಕೊಂಡು ಒಪ್ಪಿಕೊಂಡಿದ್ದಾಳೆ. ಆದರೆ ಯಾವುದೋ ಪೌಷ್ಟಿಕ ಪುಡಿಯಲ್ಲಿ ಬೆರೆತಿತ್ತೆಂದು ಹೇಳು, ಬೇಕಾದ ಬಿಲ್ ಮಾಡಿಸೋಣ ಎಂದು ಕೋಚ್ ಒತ್ತಾಯಿಸುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ಬಿಲ್ ಮಾಡಿಸಲು ಯಾವ ಕಾರಣಕ್ಕೂ ಒಪ್ಪಬೇಡಿ. ಸುಳ್ಳು ದಾಖಲೆ ಕೊಡುವುದನ್ನು ಉದ್ದೀಪನ ಮದ್ದು ತಡೆ ನಿಯಮಗಳು ಪ್ರತ್ಯೇಕ ಅಪರಾಧವೆಂದೇ ಪರಿಗಣಿಸುತ್ತವೆ. ಒಂದು ನಿಷೇಧದಿಂದ ತಪ್ಪಿಸಿಕೊಳ್ಳಲು ಹೋಗಿ ಎರಡಕ್ಕೆ ಸಿಕ್ಕಿಬೀಳುತ್ತಾಳೆ. ಇಂಥ ಸಲಹೆ ಕೊಡುವ ಕೋಚ್ ಕೂಡ ಅದೇ ನಿಯಮಗಳಡಿ ಶಿಕ್ಷಾರ್ಹರು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, 2021ರಲ್ಲಿ ಜಾರಿಗೆ ಬಂದ ಸಂಹಿತೆಯ ಪ್ರಕಾರ, ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚಿನ ನಿಷೇಧ ಎದುರಿಸುತ್ತಿರುವ ಕ್ರೀಡಾಪಟು, ಆರೋಪಪಟ್ಟಿ ಕೈಸೇರಿದ 20 ದಿನಗಳೊಳಗೆ ತಪ್ಪನ್ನೂ ಶಿಕ್ಷೆಯನ್ನೂ ಒಪ್ಪಿಕೊಂಡರೆ ಒಂದು ವರ್ಷದ ರಿಯಾಯಿತಿ ಸಿಗುತ್ತದೆ. ಮದ್ದು ಪೂರೈಸಿದವರನ್ನು, ಕೊಡಿಸಿದವರನ್ನು ಹಿಡಿಯಲು ಗಣನೀಯ ನೆರವು ನೀಡಿದವರಿಗೆ ನಿಷೇಧದ ಅವಧಿಯ ಮುಕ್ಕಾಲು ಭಾಗದವರೆಗೂ ಜಾರಿ ಮಾಡದೆ ತಡೆಹಿಡಿಯಲು ಇನ್ನೊಂದು ವಿಧಿ ಅವಕಾಶ ಕೊಡುತ್ತದೆ. ‘ಬಿ’ ಮಾದರಿಯ, ಅಂದರೆ ಅದೇ ಮಾದರಿಯಿಂದ ಬೇರೆ ಸೀಸೆಯಲ್ಲಿ ತೆಗೆದಿಟ್ಟ ಭಾಗದ, ಪರೀಕ್ಷೆ ಕೇಳುವ ಹಕ್ಕು ಆಕೆಗಿದೆ, ಆದರೆ ತೆಗೆದುಕೊಂಡದ್ದು ನಿಜವೆಂದು ಆಕೆಗೇ ಗೊತ್ತಿರುವಾಗ ಅದರಿಂದ ಉಪಯೋಗವಿಲ್ಲ. ತೀರ್ಪು ಬರುವವರೆಗಿನ ತಾತ್ಕಾಲಿಕ ಅಮಾನತಿನಲ್ಲಿ ಕಳೆದ ದಿನಗಳನ್ನು ಸಾಮಾನ್ಯವಾಗಿ ಅಂತಿಮ ನಿಷೇಧದ ಅವಧಿಯಿಂದ ಕಡಿತ ಮಾಡಲಾಗುತ್ತದೆ. ಆದ್ದರಿಂದ ಆ ಅವಧಿಯಲ್ಲಿ ಯಾವ ಸ್ಪರ್ಧೆಗೂ ಇಳಿಯಬಾರದು. ಕ್ರೀಡಾ ಪ್ರಕರಣಗಳನ್ನು ಬಲ್ಲ ವಕೀಲರೊಬ್ಬರನ್ನು ಕೂಡಲೇ ಕಾಣಿ, ಆ ಕೋಚ್ ಜೊತೆಗಿಲ್ಲದೆ ಕಾಣಿ.

ಒಪ್ಪಿಕೊಂಡ ಮೇಲೂ ಬದುಕಿದೆ ಎಂದು ಆಕೆಗೆ ಹೇಳಿ. ಸೈಕ್ಲಿಂಗ್ ಪಟು ಡೇವಿಡ್ ಮಿಲ್ಲರ್ ಎಂದೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಲ್ಲ; 2004ರಲ್ಲಿ ಪೊಲೀಸರು ಮನೆ ಶೋಧಿಸಿದಾಗ ಬಳಸಿದ ಸಿರಿಂಜುಗಳು ದೊರೆತು, ವಿಚಾರಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ವಿಶ್ವ ಚಾಂಪಿಯನ್ ಪಟ್ಟ ಹೋಯಿತು, ಎರಡು ವರ್ಷ ನಿಷೇಧವಾಯಿತು. ಮರಳಿ ಬಂದ ಮೇಲೆ ಮದ್ದಿನ ವಿರುದ್ಧ ಬಹಿರಂಗವಾಗಿ ಮಾತನಾಡುತ್ತ, ಮುಂದೆ ವಾಡಾದ ಕ್ರೀಡಾಪಟುಗಳ ಸಮಿತಿಯ ಸದಸ್ಯರೂ ಆದರು.

ಪ್ರಕರಣ ಇತ್ಯರ್ಥವಾದ ಮೇಲೆ, ಆಕೆ ಗೆದ್ದ ಸ್ಪರ್ಧೆಯಲ್ಲಿ ಹಿಂದೆ ಬಿದ್ದವರಿಗೆ ಒಬ್ಬೊಬ್ಬರಿಗೂ ಕೈಯಾರೆ ಪತ್ರ ಬರೆಯಲಿ. ತಾನು ಏನು ಮಾಡಿದೆ, ಅದರಿಂದ ಅವರಿಗೆ ಯಾವ ಸ್ಥಾನ ತಪ್ಪಿತು ಎಂಬುದಷ್ಟೇ ಅದರಲ್ಲಿರಲಿ. ಕ್ಷಮಿಸಿ ಉತ್ತರ ಬರೆಯಿರಿ ಎಂಬ ಕೋರಿಕೆ ಬೇಡ, ಪತ್ರದ ಚಿತ್ರ ತೆಗೆದು ನಾಲ್ಕು ಜನರಿಗೆ ತೋರಿಸುವುದಂತೂ ಬೇಡವೇ ಬೇಡ. ಇಪ್ಪತ್ತು ದಿನಗಳ ಗಡುವು ಈ ಸಂಚಿಕೆ ಅಚ್ಚಾಗುವವರೆಗೆ ಕಾಯುವುದಿಲ್ಲವಾದ್ದರಿಂದ, ಈ ಉತ್ತರದ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಮೊದಲೇ ಕಳುಹಿಸಿದ್ದೇನೆ.